ಒಂದಿಂಚಿನ ಅಂಗಡಿಗೂ ಒಂದು ಬೋರ್ಡು

ಗಣಪತಿ ಹಬ್ಬ ಹತ್ತಿರ ಬಂತಂದರೆ ನಮ್ಮ ವಿಜಯಪುರದ ಅಥಣಿ ರಸ್ತೆಯ ಓಣಿಗಳಲ್ಲಿ ಥರ್ಮಾಕೋಲಿಗೆ ಎಂಥ ಗಿರಾಕಿ ಅಂತ ನಿಮಗೆ ಬೇರೆ ಹೇಳಬೇಕೇನ್ರಿ? ಹುಡುಗರು ಕೂತು ಮನೆ ಕೊರೆಯುತ್ತಾರೆ, ಗುಡಿ ಕಟ್ಟುತ್ತಾರೆ, ಕರಿ ಪಾಲಿಶ್ ಪೇಪರ್ ಹಾಸಿ ಡಾಂಬರ್ ರಸ್ತೆ ಅನ್ನುತ್ತಾರೆ, ಅದರ ಮೇಲೆ ಆಟಿಗೆಯ ಬಸ್ಸು ನಿಲ್ಲಿಸುತ್ತಾರೆ. ಹತ್ತಿಯ ಮೋಡ, ಕನ್ನಡಿಯ ಕೆರೆ, ಕೆರೆಯಲ್ಲೊಂದು ಬಾತುಕೋಳಿ. ನೋಡಲು ಚೆಂದವೇ. ಆದರೆ ಬಂದವರು ಒಂದು ಗಳಿಗೆ ನಿಂತು, ಕೈ ಮುಗಿದು, ಪ್ರಸಾದ ಇಸಕೊಂಡು ಮುಂದೆ ಹೋಗಿಬಿಡುತ್ತಾರೆ. ಅದೇ ರಸ್ತೆಯ ಬದಿಗೆ, ಬೆಂಕಿಕಡ್ಡಿಯ ಕಾಲು ಕೊಟ್ಟು, ಬಾಣದ ಗುರುತು ಹಾಕಿ ‘ತಿಕೋಟಾ’ ಅಂತ ಬರೆದ ಬೋರ್ಡೊಂದನ್ನು ಚುಚ್ಚಿ ನೋಡ್ರಿ. ‘ಏ, ಇದು ನಮ್ಮ ರೋಡ್ ಐತಲಾ!’ ಅಂತ ಮಂದಿ ಬಗ್ಗಿ ಬಗ್ಗಿ ನೋಡತೊಡಗುತ್ತಾರೆ. ಮನೆ ಅದೇ, ಬಸ್ಸು ಅದೇ, ಬಾತುಕೋಳಿಯೂ ಅದೇ. ಮೂರಕ್ಷರ ಬಂದ ಕೂಡಲೇ ಊರಿಗೆ ಹೆಸರು ಬಂತು, ಹೆಸರಿನ ಹಿಂದೆಯೇ ಜೀವ ಬಂತು. ಹೌದಲ್ರಿ?

ನನಗಂತೂ ಈ ಸಣ್ಣ ಬೋರ್ಡುಗಳೆಂದರೆ ಭಾಳ ಅಕ್ಕರೆ. ಅಟ್ಟೆಯ ಅಂಗಡಿ, ಕಟ್ಟಿಗೆಯ ಕಟ್ಟೆ, ಅದರ ಮುಂದೆ ಉಗುರಿನಷ್ಟು ಸೈಕಲ್, ಇವನ್ನೆಲ್ಲ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಅಂಗಡಿಯ ಹಣೆಯ ಮೇಲೆ ಬರೆಯುವವರು ಕಡಿಮೆ. ಮೊನ್ನೆ ವರಾಂಡದಲ್ಲಿ ಕೂತು ಒಂದು ಹೊಲಿಗೆ ಅಂಗಡಿಯ ಬೋರ್ಡಿಗೆ ಅಂಚು ಬಳಿಯುತ್ತಿದ್ದಾಗ ಪಕ್ಕದ ಮನೆಯ ವೈನಿ ಕಂಪೌಂಡಿನ ಆಚೆಯಿಂದಲೇ ಇಣುಕಿ, ‘ಅಲ್ರೀ, ಇಷ್ಟು ಸಣ್ಣ ಅಕ್ಷರ ಯಾರು ಓದತಾರ?’ ಅಂದರು. ಒಳ್ಳೆ ಪ್ರಶ್ನೆ. ಉತ್ತರ ಸ್ವಲ್ಪ ಸುತ್ತು ಬಳಸಿ ಬರುತ್ತದೆ, ಕೂತುಕೊಳ್ರಿ.

ಸಣ್ಣದು ಮಾಡುವ ಹವ್ಯಾಸ ನಮಗೆ ಹೊರಗಿನಿಂದ ಬಂದದ್ದಲ್ಲ ನೋಡ್ರಿ. ಕಾರಹುಣ್ಣಿಮೆ ಮುಗಿದು ಅಮಾವಾಸ್ಯೆ ಬಂದರೆ ಮಣ್ಣೆತ್ತು, ಆಷಾಢದ ಮಂಗಳವಾರಕ್ಕೆ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಬೆನ್ನಿಗೇ ಜೋಕುಮಾರ. ವರ್ಷಕ್ಕೆ ಐದು ಸಲ ಮಣ್ಣು ಕಲಸುವ ಸೀಮೆ ಇದು. ನಮ್ಮ ಅಜ್ಜಿ ಗುಳ್ಳವ್ವನ ಕಣ್ಣಿಗೆ ಗುಲಗಂಜಿ ಆರಿಸುವಾಗ ತಟ್ಟೆ ತುಂಬ ಹರವಿಕೊಂಡು, ಒಂದರ ಕರಿ ಮಚ್ಚೆ ಇನ್ನೊಂದರ ಮಚ್ಚೆಗೆ ಸರಿಜೋಡಿ ಆಗುವ ತನಕ ಏಳುತ್ತಿರಲಿಲ್ಲ. ‘ಒಂದು ಕಣ್ಣು ದೊಡ್ಡದು, ಒಂದು ಸಣ್ಣದು ಆದರ ಅಕಿ ನಿನ್ನ ನೋಡೂದಿಲ್ಲ, ಗ್ವಾಡಿ ನೋಡ್ತಾಳ’ ಅನ್ನುತ್ತಿದ್ದಳು. ಎಳ್ಳಷ್ಟು ಹೆಚ್ಚುಕಡಿಮೆಯೂ ಸಣ್ಣ ವಸ್ತುವಿನಲ್ಲಿ ದೊಡ್ಡದಾಗಿ ಕಾಣುತ್ತದೆ ಅನ್ನುವ ಪಾಠ ನನಗೆ ಅಲ್ಲಿಯೇ ಆದದ್ದು. ಮಣ್ಣೆತ್ತಿಗೆ ಬೋರ್ಡು ಬೇಕಿಲ್ಲ. ಎತ್ತು ಯಾರ ಮನೆಯಲ್ಲಿದ್ದರೂ ಎತ್ತೇ. ರಸ್ತೆಯ ಮಾತು ಬೇರೆ. ಅಥಣಿ ರಸ್ತೆ ಅಥಣಿ ರಸ್ತೆಯೇ ಆಗಬೇಕಾದರೆ ಅದು ಬಾಯಿ ಬಿಟ್ಟು ಹೇಳಬೇಕು, ರಸ್ತೆಗಳು ಮಾತಾಡುವುದು ಬೋರ್ಡಿನಿಂದಲೇ ಅಲ್ವಾ?

ಈಗ ಲೆಕ್ಕಕ್ಕೆ ಬರೋಣ. ನಾನು ಹಿಡಿದಿರುವುದು 1:24ರ ಅಳತೆ. ಒಂದಿಂಚಿಗೆ ಎರಡಡಿ, ನಾಲಿಗೆಯ ಮೇಲೆ ಲೆಕ್ಕ ಮಾಡಬಹುದು. ಆರಡಿ ಉದ್ದ, ಎರಡಡಿ ಎತ್ತರದ ಟೇಲರ್ ಅಂಗಡಿಯ ತಗಡಿನ ಬೋರ್ಡು ಮೂರಿಂಚು ಉದ್ದ, ಒಂದಿಂಚು ಎತ್ತರಕ್ಕೆ ಇಳಿಯುತ್ತದೆ. ಆರಿಂಚಿನ ಅಕ್ಷರ ಕಾಲಿಂಚು. ಇಲ್ಲಿಯವರೆಗೆ ಸುಖ. ರೈಲಿನ ಮಾದರಿ ಮಾಡುವವರದು 1:87. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಿಂದ ಜನ ಸಾಲುಗಟ್ಟಿ ನೋಡುವ ‘ಮಿನಿಯಾಟುರ್ ವುಂಡರ್‌ಲ್ಯಾಂಡ್’ ಇರುವುದೂ ಅದೇ ಅಳತೆಯಲ್ಲಿ. ಅದರಲ್ಲಿ ಆರಿಂಚಿನ ಅಕ್ಷರ ಎರಡು ಮಿಲಿಮೀಟರಿಗಿಂತ ಕಡಿಮೆ. ಇಂಚಿಗೆ 600 ಚುಕ್ಕೆ ಹಾಕುವ ಲೇಸರ್ ಪ್ರಿಂಟರಿನಲ್ಲಿ ತೆಗೆದರೆ ಒಂದು ಅಕ್ಷರದ ಪಾಲಿಗೆ ಮೇಲಿಂದ ಕೆಳಗೆ ಬರುವುದು ನಲವತ್ತೊಂದು ಚುಕ್ಕೆ ಮಾತ್ರ. ಇಂಗ್ಲಿಷ್‌ನ ದೊಡ್ಡಕ್ಷರಗಳು ಅಷ್ಟರಲ್ಲೇ ಆರಾಮಾಗಿ ಕೂತುಬಿಡುತ್ತವೆ, ಎಲ್ಲವೂ ಒಂದೇ ಗೆರೆಯ ಮೇಲೆ ನಿಲ್ಲುವಂಥವು. ನಮ್ಮವು ಹಾಗಲ್ಲವಲ್ಲ. ತಲೆಯ ಮೇಲೆ ಗುಡಿಸು, ಬದಿಗೆ ದೀರ್ಘ, ಕಾಲ ಕೆಳಗೆ ಒತ್ತು. ಇಲ್ಲಿ ಎರಡು ಅಂಗಡಿಗೊಮ್ಮೆ ಕಾಣುವ ‘ಸಿದ್ಧೇಶ್ವರ’ನನ್ನೇ ತೊಗೊಳ್ರಿ. ಧಕಾರದ ಒತ್ತಿನ ಹೊಟ್ಟೆಯೊಳಗಿನ ಬಿಳಿ ಜಾಗ ಇದೆಯಲ್ಲ, ಸಣ್ಣದು ಮಾಡುತ್ತ ಹೋದಂತೆ ಮೊದಲು ಮುಚ್ಚಿಹೋಗುವುದು ಅದೇ. ಅದು ಮುಚ್ಚಿತೋ, ಸಿದ್ಧೇಶ್ವರನ ಕಾಲಡಿಗೆ ಮಸಿಯ ಉಂಡೆ ಉಳಿಯಿತು ಅಷ್ಟೇ.

ಅದಕ್ಕೆ ಉಪಾಯವಿದೆ. ಒತ್ತನ್ನು ನಿಜದ ಲೆಕ್ಕಕ್ಕಿಂತ ಒಂದು ಕೂದಲು ದೊಡ್ಡದು ಬರೆಯಬೇಕು, ಗೆರೆಯನ್ನು ಒಂದು ಕೂದಲು ತೆಳ್ಳಗೆ ಎಳೆಯಬೇಕು, ಅಕ್ಷರ ಮತ್ತು ಒತ್ತಿನ ನಡುವೆ ಗಾಳಿ ಆಡುವಷ್ಟು ಜಾಗ ಬಿಡಬೇಕು. ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡಿದಾಗ ಅಕ್ಷರ ಸ್ವಲ್ಪ ವಕ್ರ ಕಾಣುತ್ತದೆ, ಇಳಿಸಿದ ಮೇಲೆ ನೆಟ್ಟಗಾಗುತ್ತದೆ. ಇಂಕ್‌ಜೆಟ್ಟಿನಲ್ಲಿ ಸಾದಾ ಹಾಳೆಯ ಮೇಲೆ ತೆಗೆದರೆ ಮಸಿ ನಾರಿನೊಳಗೆ ಹರಡುತ್ತದೆ. ಆದ್ದರಿಂದ ಅಕ್ಷರವಿದ್ದದ್ದಕ್ಕೆ ಲೇಸರ್, ಬಣ್ಣದ ಚಿತ್ರಕ್ಕೆ ಫೋಟೊ ಹಾಳೆ. ಜೆರಾಕ್ಸ್ ಅಂಗಡಿಯ ಹುಡುಗನಿಗೆ ‘ತಮ್ಮಾ, ಪೇಜಿಗೆ ಹೊಂದಿಸಬೇಡ, ಇದ್ದಷ್ಟೇ ತೆಗಿ’ ಅಂತ ಮೊದಲೇ ಹೇಳಿಡಬೇಕು. ಇಲ್ಲದಿದ್ದರೆ ಯಂತ್ರ ತನಗೆ ತಿಳಿದ ಹಾಗೆ ಹಿಗ್ಗಿಸಿ, ಮೂರಿಂಚಿನ ಬೋರ್ಡು ಎಂಟಿಂಚಾಗಿ ಹೊರಗೆ ಬರುತ್ತದೆ.

ಇನ್ನು ವೈನಿಯ ಪ್ರಶ್ನೆ. ಓದುವವರು ಯಾರೂ ಇಲ್ಲ, ಖರೆ. ಆದರೆ ಗುರುತು ಹಿಡಿಯುವವರು ಎಲ್ಲರೂ. ನೀವು ಬಸ್ಸಿನ ಕಿಟಕಿಯಿಂದ ನೋಡುತ್ತ ಹೋಗುವಾಗ ಪ್ರತಿ ಬೋರ್ಡನ್ನೂ ಅಕ್ಷರ ಅಕ್ಷರ ಓದುತ್ತೀರೇನು? ಹಳದಿ ಮೇಲೆ ಕರಿ ಕಂಡರೆ ಅದು ಒಂದು ಕಾಲಕ್ಕೆ ಎಸ್‌ಟಿಡಿ ಬೂತು. ನೀಲಿ ಮೇಲೆ ಬಿಳಿ ಕಂಡರೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಫಲಕ, ಅದು ನಮ್ಮೂರಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಒಂದಿದ್ದೇ ಇರುತ್ತದೆ. ಅಂಗಡಿಯ ಬೋರ್ಡಿಗೂ ಒಂದು ಮೈಕಟ್ಟು ಇದೆ. ನೆತ್ತಿಯ ಮೇಲೆ ಎರಡು ಗೆರೆಗಳ ನಡುವೆ ಕೆಂಪು ಬಣ್ಣದಲ್ಲಿ ‘ಶ್ರೀ ಸಿದ್ಧೇಶ್ವರ ಪ್ರಸನ್ನ’, ನಡುವೆ ದಪ್ಪಕ್ಷರದ ಹೆಸರು, ಆ ಅಕ್ಷರಗಳಿಗೆ ಬಲಗಡೆಯೇ ಬೀಳುವ ನೆರಳು, ಕೆಳಗೆ ‘ನಮ್ಮಲ್ಲಿ ಎಲ್ಲಾ ತರಹದ’ ಅಂತ ಶುರುವಾಗುವ ಸಾಲು, ಬಲ ಮೂಲೆಗೆ ‘ಪ್ರೊ.’, ಎಡ ಮೂಲೆಗೆ ಫೋನ್ ನಂಬರು, ಎಲ್ಲಕ್ಕಿಂತ ಕೆಳಗೆ ಓರೆಯಾಗಿ ಪೇಂಟರಣ್ಣನ ಸಹಿ. ಈ ಜಾಗಗಳು ಸರಿಯಾಗಿ ಬಿದ್ದರೆ ಕಣ್ಣು ಉಳಿದದ್ದನ್ನು ತಾನೇ ಓದಿಕೊಳ್ಳುತ್ತದೆ. ಪೇಂಟರಣ್ಣನ ಸಹಿ ನನ್ನ ಬೋರ್ಡಿನಲ್ಲಿ ಸೂಜಿಯಿಂದ ಗೀರಿದ ಒಂದು ವಾರೆ ಗೆರೆ, ಅಷ್ಟೇ. ಅದೊಂದನ್ನು ಬಿಟ್ಟು ನೋಡ್ರಿ, ಬೋರ್ಡು ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಹಾಕಿದರೆ ಅದರ ಹಿಂದೆ ಏಣಿ ಹತ್ತಿದ್ದ ಒಬ್ಬ ಮನುಷ್ಯ ಕಾಣುತ್ತಾನೆ.

ಪಂಕ್ಚರ್ ಅಂಗಡಿಗೆ ಮಾತ್ರ ಈ ಯಾವ ಶಾಸ್ತ್ರವೂ ಇಲ್ಲ. ಬೇವಿನ ಗಿಡಕ್ಕೊಂದು ಹಳೆ ಟೈರು, ಟೈರಿನ ಮೈಮೇಲೆ ಸುತ್ತಲೂ ಬಿಳಿ ಬಣ್ಣದಲ್ಲಿ ‘ಪಂಚರ್’. ಕೆಲವರು ‘ಪಂಚೇರ್’, ಕೆಲವರು ‘ಪಂಕ್ಚರ’. ಆಟಿಗೆ ಕಾರಿನ ರಬ್ಬರ್ ಗಾಲಿ ಬಿಚ್ಚಿ, ಸೂಜಿಮೊನೆಗೆ ಬಿಳಿ ಬಣ್ಣ ಅದ್ದಿ ಬರೆದರಾಯಿತು. ಆದರೆ ನೋಡಿದ್ದನ್ನು ನೋಡಿದ ಹಾಗೇ ಬರೆಯಬೇಕು. ತಿದ್ದಿ ಶುದ್ಧ ಮಾಡಲು ಹೋದರೆ ಅದು ಆ ಗಿಡದ ಕೆಳಗಿನ ಅಂಗಡಿಯಾಗಿ ಉಳಿಯುವುದಿಲ್ಲ. ಕಿರಾಣಿ ಅಂಗಡಿಯ ಒಳಗೋಡೆಗೆ ‘ಇಂದು ನಗದು, ನಾಳೆ ಉದ್ರಿ’ ಮರೆಯುವ ಹಾಗಿಲ್ಲ. ಅದು ಹೊರಗಿನಿಂದ ಕಾಣುವುದೇ ಇಲ್ಲ, ಬಾಗಿಲಿಗೆ ಕಣ್ಣು ಹಚ್ಚಿ ನೋಡಿದವರಿಗೆ ಮಾತ್ರ. ನೋಡಿ ನಕ್ಕವರ ಮುಖ ನೋಡುವುದೇ ಒಂದು ಸುಖ, ಅಲ್ಲೇನ್ರಿ?

ಈಗ ನನಗೆ ಬಹಳ ಇಷ್ಟವಾದದ್ದಕ್ಕೆ ಬರುತ್ತೇನೆ: ಗೋಡೆಗೆ ಹಚ್ಚಿದ ಸಿನಿಮಾ ಪೋಸ್ಟರ್. 1972ರ ಒಂದು ಓಣಿ ಅಂದುಕೊಳ್ರಿ. ಆ ವರ್ಷ ‘ಬಂಗಾರದ ಮನುಷ್ಯ’ ಬಂತು, ಆ ಕಾಲದ ಗೋಡೆಗೆ ಅದಿಲ್ಲದಿದ್ದರೆ ಹೇಗೆ? 30 ಇಂಚು ಅಗಲ, 40 ಇಂಚು ಎತ್ತರದ ಪೋಸ್ಟರು ನನ್ನ ಅಳತೆಯಲ್ಲಿ ಒಂದೂಕಾಲು ಇಂಚು ಅಗಲ, ಒಂದೂ ಮುಕ್ಕಾಲಿಗೆ ತುಸು ಕಡಿಮೆ ಎತ್ತರ. ಕಡ್ಡಿಪೆಟ್ಟಿಗೆಯ ಚೀಟಿಗಿಂತ ಸ್ವಲ್ಪ ಸಣ್ಣದು. ಪ್ರಿಂಟು ತೆಗೆದ ಹಾಳೆಯನ್ನು ಹಾಗೇ ಅಂಟಿಸಿದರೆ ಅದು ಗೋಡೆಯ ಮೇಲೆ ಹಲಗೆ ಬಡಿದ ಹಾಗೆ ದಪ್ಪ ಕಾಣುತ್ತದೆ, ಯಾಕೆಂದರೆ ಚಿತ್ರ ಇಪ್ಪತ್ನಾಲ್ಕು ಪಾಲು ಸಣ್ಣದಾಯಿತು, ಹಾಳೆಯ ದಪ್ಪ ಮಾತ್ರ ಇದ್ದಷ್ಟೇ ಉಳಿಯಿತು. ಅದಕ್ಕೆ ಪೋಸ್ಟರನ್ನು ಬೋರಲು ಹಾಕಿ, ಹಿಂಬದಿಯನ್ನು ನುಣುಪು ಪಾಲಿಶ್ ಪೇಪರಿನಿಂದ ಬೆರಳ ತುದಿಯಲ್ಲಿ ಮೆಲ್ಲಗೆ ತಿಕ್ಕಬೇಕು. ತಿಕ್ಕುತ್ತ ಹೋದಂತೆ ಹಾಳೆ ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಚಿತ್ರ ಹಿಂದಿನಿಂದಲೇ ಕಾಣತೊಡಗುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಕತ್ತರಿಸಿದ ಅಂಚು ಬೆಳ್ಳಗೆ ಹೊಳೆಯುತ್ತದಲ್ಲ, ಅದಕ್ಕೆ ಬೂದಿ ಬಣ್ಣದ ಪೆನ್ಸಿಲ್ ಆಡಿಸಬೇಕು. ಆಮೇಲೆ ಫೆವಿಕಾಲಿಗೆ ನೀರು ಬೆರೆಸಿ, ಗೋಡೆಗೊಂದು ಕೈ, ಪೋಸ್ಟರಿಗೊಂದು ಕೈ ಹಚ್ಚಿ, ಹಸಿ ಬ್ರಶ್ಶಿನಿಂದ ಒತ್ತುತ್ತ ಹೋದರೆ, ಹಂಚಿನ ಮೇಲೆ ರೊಟ್ಟಿ ಕೂತ ಹಾಗೆ ಕಾಗದ ಇಟ್ಟಿಗೆಯ ಸಂದುಸಂದಿಗೂ ಇಳಿದು ಕೂಡುತ್ತದೆ. ಅದರ ಮೇಲೆ ಚಹಾದ ನೀರು ಒಂದು ಸಲ ಸವರಿ ಒಣಗಿಸಿದರೆ ಮುಗಿಯಿತು.

ಮುಗಿಯಿತು ಅಂದೆ, ಎಲ್ಲಿ ಮುಗಿಯಿತು? ಗೋಡೆಯ ಮೇಲೆ ಒಂದೇ ಪೋಸ್ಟರ್ ಇರುವ ಊರು ಎಲ್ಲಿದೆ ಹೇಳ್ರಿ. ಹೊಸದರ ಅಡಿಗೆ ಹಳೆಯದರ ಒಂದು ಮೂಲೆ, ಅದರಡಿಗೆ ಜಾತ್ರೆಗೆ ಬಂದ ನಾಟಕ ಕಂಪನಿಯ ಹಸಿರು ಕಾಗದದ ತುಂಡು, ಅದರಡಿಗೆ ಚುನಾವಣೆಯ ಒಂದು ಗುರುತಿನ ಅರ್ಧ. ನಾಟಕದ ಪೋಸ್ಟರಿಗೆ ಫೋಟೊ ಬೇಕಿಲ್ಲ. ತೆಳ್ಳನೆಯ ಬಣ್ಣದ ಕಾಗದದ ಮೇಲೆ ದಪ್ಪ ಅಕ್ಷರದ ಎರಡು ಸಾಲು, ಅದರ ಕೆಳಗೆ ಹಾಸ್ಯಪಾತ್ರದವರ ಹೆಸರು ಎದ್ದು ಕಾಣುವ ಹಾಗೆ ಒಂದು ಪಟ್ಟಿ, ಅಷ್ಟಾದರೆ ಬನಶಂಕರಿ ಜಾತ್ರೆಯ ನೆನಪು ತಾನಾಗಿ ಬರುತ್ತದೆ. ಮತ್ತೆ ಆಡುಗಳ ವಿಚಾರ. ಪೋಸ್ಟರಿಗೆ ಹಚ್ಚುತ್ತಿದ್ದದ್ದು ಮೈದಾಹಿಟ್ಟಿನ ಅಂಟು. ಹಗಲೆಲ್ಲ ತಿರುಗುವ ಆಡಿಗೆ ಅದು ಹಬ್ಬದೂಟ. ಹಿಂಗಾಲ ಮೇಲೆ ನಿಂತು ಬಾಯಿ ಎಲ್ಲಿಯ ತನಕ ಮುಟ್ಟುತ್ತದೋ ಅಲ್ಲಿಯ ತನಕ ಹರಿದು ತಿಂದುಬಿಡುತ್ತದೆ. ಹೀಗಾಗಿ ಹಳೆಯ ಗೋಡೆಯಲ್ಲಿ ಪೋಸ್ಟರಿನ ಮೇಲ್ಭಾಗ ನೆಟ್ಟಗಿದ್ದು ಕೆಳಭಾಗ ಒಂದೇ ಎತ್ತರಕ್ಕೆ ಹರಿದಿರುತ್ತದೆ. ಮಾದರಿಯಲ್ಲೂ ಹಾಗೇ ಹರಿಯಬೇಕು, ಕತ್ತರಿಯಿಂದಲ್ಲ, ಚಿಮಟಿಗೆಯಿಂದ ಕೆಳಗಿನಿಂದ ಮೇಲಕ್ಕೆ ಎಳೆದು. ನಾಯಕನ ಮುಖ ಇದ್ದು ಕಾಲು ಇಲ್ಲದ ಪೋಸ್ಟರು ನೋಡಿದರೆ ಹಿರಿಯರು ತಕ್ಷಣ ‘ಆಡು ತಿಂದಾವ’ ಅನ್ನುತ್ತಾರೆ. ಇಷ್ಟುದ್ದದ ಮಾದರಿಯಲ್ಲಿ ಒಂದು ಆಡನ್ನೂ ಇಟ್ಟಿಲ್ಲ, ಆದರೂ ಆಡು ಬಂದು ಹೋಗಿದೆ!

ಬಿಸಿಲಿನದೂ ಒಂದು ನಡಾವಳಿ ಇದೆ. ಅಚ್ಚಿನ ಬಣ್ಣಗಳಲ್ಲಿ ಕೆಂಪು ಮತ್ತು ಹಳದಿ ಬೇಗ ಸೋಲುತ್ತವೆ, ನೀಲಿ ಮತ್ತು ಕಪ್ಪು ತಡೆದುಕೊಳ್ಳುತ್ತವೆ. ಅದಕ್ಕೇ ಹಳೆಯ ಪೋಸ್ಟರಿನಲ್ಲಿ ನಾಯಕಿಯ ಗಲ್ಲ ನೀಲಿಗಟ್ಟಿರುವುದು. ಕಂಪ್ಯೂಟರಿನಲ್ಲಿ ಕೆಂಪು, ಹಳದಿ ಇಳಿಸಿ ಆ ಬಣ್ಣ ತರಬಹುದು, ಅಥವಾ ಏಪ್ರಿಲ್ ತಿಂಗಳಲ್ಲಿ ಇಂಕ್‌ಜೆಟ್ ಪ್ರಿಂಟನ್ನು ಮಾಳಿಗೆ ಮೇಲೆ ಕಲ್ಲು ಹೇರಿ ಇಟ್ಟು ಬಂದರೆ ವಿಜಯಪುರದ ಸೂರ್ಯನೇ ಪುಕ್ಕಟೆ ಮಾಡಿಕೊಡುತ್ತಾನೆ. ಇನ್ನೊಂದು ಮಾತು. ಹೊರದೇಶದ ಮಾದರಿಗಾರರು ಬೋರ್ಡು ಹಳೆಯದೆಂದು ತೋರಿಸಲು ತುಕ್ಕಿನ ಬಣ್ಣ ಸುರಿಯುತ್ತಾರೆ. ಅವರ ಸೀಮೆಯ ಮಳೆಗೆ ಅದು ಸರಿ, ನಮ್ಮ ಮಲೆನಾಡಿಗೂ ಕರಾವಳಿಗೂ ಸರಿ. ಇಲ್ಲಿ ಮಳೆ ಎಷ್ಟು ಅಂತ ನಿಮಗೇ ಗೊತ್ತು. ನಮ್ಮ ಬೋರ್ಡಿನ ಮುಪ್ಪು ತುಕ್ಕಿನಲ್ಲಿ ಅಲ್ಲ, ಧೂಳಿನಲ್ಲಿ. ಬಣ್ಣ ಒಣಗಿ ಪುಡಿಯೇಳುತ್ತದೆ, ಕೈ ಒರೆಸಿದರೆ ಬೆರಳಿಗೆ ಬರುತ್ತದೆ. ಗೋಡೆಯ ಬುಡಕ್ಕೆ ಮಳೆ ಹನಿ ಸಿಡಿಸಿದ ಎರೆಮಣ್ಣಿನ ಕಲೆ. ಈ ಧೂಳಿಗೆ ಬಣ್ಣದ ಡಬ್ಬಿ ತರಬೇಕಿಲ್ಲ. ರಸ್ತೆಯ ಬದಿಯ ಮಣ್ಣನ್ನೇ ತಂದು, ಹಳೆ ಧೋತರದ ತುಂಡಿನಲ್ಲಿ ಜರಡಿ ಹಿಡಿದು, ಒಣ ಬ್ರಶ್ಶಿನಿಂದ ಸವರಿದರೆ ಅಥಣಿ ರಸ್ತೆಯ ಬಣ್ಣ ಅಥಣಿ ರಸ್ತೆಯಿಂದಲೇ ಬಂದಂತಾಯಿತು.

ಬೋರ್ಡು ಊರನ್ನಷ್ಟೇ ಹೇಳುವುದಿಲ್ಲ, ಇಸವಿಯನ್ನೂ ಹೇಳುತ್ತದೆ. ಅಮೆರಿಕದಲ್ಲಿ ಫ್ರಾನ್ಸಿಸ್ ಗ್ಲೆಸ್ನರ್ ಲೀ ಅಂತ ಒಬ್ಬ ಹೆಣ್ಣುಮಗಳು 1940ರ ದಶಕದಲ್ಲಿ ಪೊಲೀಸರಿಗೆ ತನಿಖೆ ಕಲಿಸಲೆಂದೇ ಒಂದಿಂಚಿಗೆ ಒಂದಡಿಯ ಅಳತೆಯಲ್ಲಿ ಮನೆಗಳನ್ನು ಮಾಡಿದ್ದಳು, ಒಳಗೊಂದು ಅನುಮಾನದ ಸಾವು ಸಮೇತ. ಅವುಗಳಲ್ಲಿ ಗೋಡೆಯ ಕ್ಯಾಲೆಂಡರು, ಡಬ್ಬಿಯ ಚೀಟಿ, ಸುದ್ದಿಪತ್ರಿಕೆ ಎಲ್ಲವೂ ಸಾಕ್ಷಿ ಹೇಳುವಂಥವು. ನಮ್ಮ ಬೋರ್ಡುಗಳೂ ಸಾಕ್ಷಿ ಹೇಳುತ್ತವೆ, ಕೇಳುವವರಿರಬೇಕು. ಸರಕಾರಿ ಕಚೇರಿಯ ಹಣೆಯ ಮೇಲೆ ‘ಮುಂಬೈ ಸರಕಾರ’ ಅಂದರೆ 1956ಕ್ಕಿಂತ ಹಿಂದಿನದು. ‘ಮೈಸೂರು ಸರಕಾರ’ ಅಂದರೆ ಅಲ್ಲಿಂದ 1973ರ ನವೆಂಬರ್ 1ರ ತನಕ. ಆಮೇಲಿನದು ‘ಕರ್ನಾಟಕ’. ‘ಬಂಗಾರದ ಮನುಷ್ಯ’ನ ಪೋಸ್ಟರಿನ ಪಕ್ಕ ‘ಕರ್ನಾಟಕ ಸರಕಾರ’ದ ಹೊಸ ಬೋರ್ಡು ನಿಲ್ಲಿಸಿದರೆ ಅದು ಒಂದು ವರ್ಷ ಹಳೆಯ ಪೋಸ್ಟರ್ ಆಗಿರಲೇಬೇಕು, ಅಂದರೆ ಆಡು ತಿಂದಿರಬೇಕು, ಗಲ್ಲ ನೀಲಿಗಟ್ಟಿರಬೇಕು! ಊರಿನ ಹೆಸರು ‘ಬಿಜಾಪುರ’ ಅಂತಿದ್ದರೆ 2014ರ ನವೆಂಬರ್ 1ಕ್ಕಿಂತ ಹಿಂದೆ, ‘ವಿಜಯಪುರ’ ಅಂತಿದ್ದರೆ ಮುಂದೆ. ಬಸ್ಸಿನ ಪಕ್ಕೆಯ ಮೇಲಿದ್ದ ‘ಈಶಾನ್ಯ ಕರ್ನಾಟಕ’ 2021ರಲ್ಲಿ ‘ಕಲ್ಯಾಣ ಕರ್ನಾಟಕ’ವಾಯಿತು. ಬೋರ್ಡಿನ ಮೂಲೆಯ ಫೋನ್ ನಂಬರು 08352ರಿಂದ ಶುರುವಾದರೆ ಒಂದು ಕಾಲ, ಹತ್ತಂಕಿಯ ಮೊಬೈಲ್ ಆದರೆ ಇನ್ನೊಂದು ಕಾಲ. ಬೋರ್ಡಿನಲ್ಲಿ ನೂರಕ್ಕೆ 60 ಪಾಲು ಕನ್ನಡವಿರಬೇಕೆಂಬ ಕಾನೂನು 2024ರಲ್ಲಿ ಬಂತಲ್ಲ, ಆ ವರ್ಷದ ಅಂಗಡಿ ಸಾಲು ಮಾಡುವವರು ಅದನ್ನೂ ಅಳೆದು ಹಾಕಬೇಕು. ಮೈಲಿಗಲ್ಲಿನ ತಲೆಗೆ ಹಳದಿ ಬಳಿದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಬಳಿದರೆ ರಾಜ್ಯ ಹೆದ್ದಾರಿ. ಬಟಾಣಿಯಷ್ಟು ಬಣ್ಣದಲ್ಲಿ ಎಷ್ಟು ಸುದ್ದಿ ನೋಡ್ರಿ.

ಹೆಸರಿನ ಬೋರ್ಡಿಗೆ ಎಂಥ ಬಲವಿದೆ ಅಂತ ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನನ್ನು ಕೇಳಬೇಕು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದಾಗ ಅದು ಮಾಲ್ಗುಡಿ ಸ್ಟೇಷನ್ ಆಯಿತು. ಆರ್.ಕೆ. ನಾರಾಯಣರ ಮನಸ್ಸಿನಲ್ಲಿ ಮಾತ್ರ ಇದ್ದ ಊರಿಗೆ ನೆಲದ ಮೇಲೆ ಒಂದು ಪ್ಲಾಟ್‌ಫಾರ್ಮು ಸಿಕ್ಕಿತು. 2020ರಲ್ಲಿ ಆ ಹಳೆಯ ಕಟ್ಟಡವೇ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಇಲ್ಲದ ಊರಿಗೂ ಬೋರ್ಡಿದ್ದರೆ ಜನ ಟಿಕೆಟ್ಟು ತೆಗೆಸಿ ಹೋಗಿ ಇಳಿಯುತ್ತಾರೆ ಅಂದಮೇಲೆ, ಇರುವ ಊರಿಗೆ ಬೋರ್ಡಿಲ್ಲದೆ ಮಾದರಿ ಮಾಡುವುದು ನ್ಯಾಯವೇ?

ಎಲ್ಲವನ್ನೂ ನಾವೇ ಬರೆಯಬೇಕು ಅಂತಿಲ್ಲ, ಸಣ್ಣದಾಗಿಯೇ ಹುಟ್ಟಿದ ಅಚ್ಚುಗಳೂ ಇವೆ. ಕಡ್ಡಿಪೆಟ್ಟಿಗೆಯ ಚೀಟಿ, ಊದಿನಕಡ್ಡಿಯ ಪೊಟ್ಟಣದ ದೇವರು, ಅಂಚೆ ಚೀಟಿ. 1949ರ ಆಗಸ್ಟ್ 15ಕ್ಕೆ ಸ್ವತಂತ್ರ ಭಾರತದ ಹೊಸ ಅಂಚೆ ಚೀಟಿಗಳ ಮಾಲೆ ಬಂತು, ಅದರಲ್ಲಿ ಆರಾಣೆಯ ಚೀಟಿಯ ಮೇಲಿದ್ದದ್ದು ನಮ್ಮ ಗೋಲಗುಮ್ಮಟ. ಅದಕ್ಕೆ ಬೆತ್ತದ ಸೀಳಿನ ಚೌಕಟ್ಟು ಕೊಟ್ಟು ಪುಟ್ಟ ಪ್ರವಾಸಿ ಕಚೇರಿಯ ಗೋಡೆಗೆ ತೂಗು ಹಾಕಿದರೆ, ಅಚ್ಚಿನವರು ನಮಗೋಸ್ಕರವೇ ಇಳಿಸಿ ಕೊಟ್ಟಿದ್ದಾರೇನೋ ಅನ್ನಿಸುತ್ತದೆ. ಗುಮ್ಮಟವನ್ನೇ ಮಾಡಿ ನಿಲ್ಲಿಸುತ್ತೇನೆ ಅಂದರೆ ನನ್ನ ಅಳತೆಯಲ್ಲಿ ಅದು ಏಳಡಿ ಎತ್ತರವಾಗಿ ಪಡಸಾಲೆಯ ಮಾಳಿಗೆಗೆ ಬಡಿಯುತ್ತದೆ. ಆರಾಣೆಯಲ್ಲಿ ಮುಗಿಯುವ ಕೆಲಸಕ್ಕೆ ಮಾಳಿಗೆ ಯಾಕೆ ಒಡೆಯಬೇಕು, ಏನಂತೀರಿ?

ಇನ್ನು ಫ್ಲೆಕ್ಸು. ಫೋಟೊ ಹಾಳೆಯ ಮೇಲೆ ಹೊಳೆಯುವ ಹಾಗೆ ಪ್ರಿಂಟು ತೆಗೆದು, ನಾಲ್ಕು ಮೂಲೆಗೆ ಸೂಜಿಯಿಂದ ತೂತು ಮಾಡಿ, ಹೊಲಿಗೆ ದಾರದಿಂದ ಬಿದಿರುಕಡ್ಡಿಗೆ ಬಿಗಿದರೆ ಆಯಿತು, ಹತ್ತು ನಿಮಿಷದ ಕೆಲಸ. ನಡುವೆ ಹುಟ್ಟುಹಬ್ಬದ ಯಜಮಾನ, ಸುತ್ತಲೂ ಶುಭ ಕೋರುವವರ ಮುಖಗಳ ಹಿಂಡು. ಆದರೆ ಫ್ಲೆಕ್ಸಿನ ನಿಜವಾದ ಚೆಂದ ಇರುವುದು ಅದರ ಎರಡನೆಯ ಜನ್ಮದಲ್ಲಿ. ತಿಕೋಟಾ ಕಡೆ, ಬಬಲೇಶ್ವರ ಕಡೆ ಹೊಲಗಳ ಬದಿಗೆ ನೋಡಿರುತ್ತೀರಿ, ಮೇವಿನ ಬಣವೆಯ ಮೇಲೆ ಅದೇ ಫ್ಲೆಕ್ಸು ತಲೆಕೆಳಗಾಗಿ ಹೊದಿಸಿರುತ್ತಾರೆ. ಹುಟ್ಟುಹಬ್ಬದ ಯಜಮಾನ ಆಕಾಶ ನೋಡುತ್ತ ನಗುತ್ತಿರುತ್ತಾನೆ, ಅವನ ಎದೆಯ ಮೇಲೆ ಹಗ್ಗ, ಹಗ್ಗದ ತುದಿಗೆ ಕಲ್ಲು. ಬಣವೆ ಮಾಡಿ ಅದಕ್ಕೊಂದು ಹಳೆ ಫ್ಲೆಕ್ಸು ಹೊದಿಸದಿದ್ದರೆ ಅದು ಈಗಿನ ಬಣವೆಯೇ ಅಲ್ಲ. ಒಣದ್ರಾಕ್ಷಿ ಶೆಡ್ಡು, ಗೊಬ್ಬರದ ಅಂಗಡಿ, ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯದ ದೊಡ್ಡ ಕಮಾನು, ಅದರ ಎದುರಿಗೆ ಜೆರಾಕ್ಸಿನ ಬೋರ್ಡುಗಳ ಸಾಲು, ಇವೆಲ್ಲ ಸೇರಿಯೇ ನಮ್ಮ ರಸ್ತೆ.

ಫ್ಲೆಕ್ಸಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಫ್ಲೆಕ್ಸು ಹೋದರೆ ಕಂಪ್ಯೂಟರಿನಿಂದ ಇನ್ನೊಂದು ತೆಗೆಯಬಹುದು, ಕೈಬರಹದ ತಗಡಿನ ಬೋರ್ಡು ಇಳಿಯಿತು ಅಂದರೆ ಇಳಿಯಿತೇ. ಸುಣ್ಣದ ದಾರ ಹಿಡಿದು ಚಟ್ಟಂತ ಗೆರೆ ಹೊಡೆದು, ಬಾಯಲ್ಲೊಂದು ಬ್ರಶ್ಶು ಕಚ್ಚಿಕೊಂಡು, ಇನ್ನೊಂದರಿಂದ ‘ಶ್ರೀ’ಯ ಸುಳಿ ಒಂದೇ ಉಸಿರಿಗೆ ಎಳೆಯುತ್ತಿದ್ದ ಆ ಕೈ ಬೇರೆ ಬೇರೆ ಪೇಂಟರಿಗೆ ಬೇರೆ ಬೇರೆ. ಒಬ್ಬರ ‘ಕ’ಗೆ ಹೊಟ್ಟೆ ದೊಡ್ಡದು, ಇನ್ನೊಬ್ಬರ ‘ರ’ ನಿಂತ ಜಾಗದಲ್ಲೇ ಕುಣಿಯುತ್ತದೆ. ಅಂಗಡಿಯ ಮುಖ ನೋಡಿದರೆ ಇದು ಇಂಥವರ ಕೈ ಅಂತ ಹೇಳುವವರು ಈಗಲೂ ಇದ್ದಾರೆ. ಆ ತಗಡುಗಳು ಮೋಡಕಾದವರ ಗಾಡಿ ಹತ್ತುತ್ತಿವೆ, ಇಲ್ಲವೇ ದನದ ಕೊಟ್ಟಿಗೆಯ ಸೂರಾಗುತ್ತಿವೆ. ಬೋರ್ಡನ್ನು ಉಳಿಸಿಕೊಳ್ಳಲು ನಮ್ಮ ಮನೆಗಳಲ್ಲಿ ಜಾಗವಿಲ್ಲ, ಒಪ್ಪಿದೆ. ಮೂರಿಂಚಿಗೆ ಇಳಿಸಿದರೆ ಜಾಗಕ್ಕೇನು ಬರ? ಇಡೀ ಬಜಾರು ಒಂದು ಶೋಕೇಸಿನಲ್ಲಿ ಹಿಡಿಸುತ್ತದೆ. ಇದನ್ನು ಆಟಿಗೆ ಅಂತ ತಿಳಿಯಬೇಡ್ರಿ. ನಾಳೆ ಯಾರಾದರೂ ‘ಈ ರಸ್ತೆ ಆಗ ಹೆಂಗಿತ್ತು?’ ಅಂತ ಕೇಳಿದರೆ ತೋರಿಸಲು ಒಂದು ಲೆಕ್ಕಪತ್ರ ಬೇಕಲ್ಲ, ಅದೇ ಇದು.

ಆದ್ದರಿಂದ ನಿಮ್ಮಲ್ಲಿ ಒಂದು ಕೇಳಿಕೆ. ಮೊಬೈಲು ಎಲ್ಲರ ಕೈಯಲ್ಲೂ ಇದೆ. ಓಣಿಯಲ್ಲಿ, ಊರಲ್ಲಿ ಕೈಬರಹದ ಹಳೆ ಬೋರ್ಡು ಕಂಡರೆ ಕೆಳಗಿನಿಂದ ವಾರೆಯಾಗಿ ಅಲ್ಲ, ಎದುರಿನ ಕಟ್ಟೆ ಹತ್ತಿ ನೆಟ್ಟಗೆ ಒಂದು ಫೋಟೊ ತೆಗೀರಿ. ಬೆಳಗಿನ ಹೊತ್ತಾದರೆ ಒಳ್ಳೆಯದು, ನಡುಹಗಲಲ್ಲಿ ಸೂರಿನ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಫೋಟೊದಲ್ಲಿ ಗೋಡೆಯ ಒಂದು ಇಟ್ಟಿಗೆ ಬರಲಿ, ಇಲ್ಲವೇ ಒಂದಡಿ ಪಟ್ಟಿ ಹಿಡಿದುಕೊಂಡ ಹುಡುಗನಾದರೂ ನಿಲ್ಲಲಿ, ಅಳತೆ ಸಿಗುತ್ತದೆ. ಕೆಳಗಿನ ಮೂಲೆಯ ಪೇಂಟರಣ್ಣನ ಸಹಿಯನ್ನು ಹತ್ತಿರದಿಂದ ಬೇರೆಯಾಗಿ ತೆಗೀರಿ, ಅದನ್ನು ಮಾತ್ರ ಬಿಡಬೇಡ್ರಿ. ಅಂಗಡಿಯವರನ್ನು ಯಾವ ವರ್ಷ ಬರೆಸಿದ್ದು ಅಂತ ಒಂದು ಮಾತು ಕೇಳಿದರೆ, ಅವರೇ ಒಂದು ಕಪ್ ಚಹಾ ತರಿಸಿ ಅರ್ಧ ತಾಸು ಹೇಳುತ್ತಾರೆ. ವೈನಿಗೂ ಈಗ ಇದು ಹಿಡಿದಿದೆ. ತವರೂರು ಬಬಲೇಶ್ವರದ ಕಡೆ ಹೊರಟಿದ್ದಾರೆ, ಅಲ್ಲಿ ಅವರ ಕಾಕಾನ ಹಿಟ್ಟಿನ ಗಿರಣಿಗೆ ಹಸಿರು ತಗಡಿನ ಬೋರ್ಡು ಇನ್ನೂ ಇದೆಯಂತೆ, ಗಾಲಿಯ ಚಿತ್ರ ಸಮೇತ. ಒಂದಡಿ ಪಟ್ಟಿ ನನ್ನ ಹತ್ತಿರದ್ದೇ ಒಯ್ದಿದ್ದಾರೆ. ನಿಮಗೂ ಬೇಕಾದರೆ ಹೇಳ್ರಿ, ಇನ್ನೊಂದಿದೆ.